ವರ್ಷದೊಳಗಿನ ಮನೆಯ ಆಕಾಶಬುಟ್ಟಿಗಳು

ಆ ವರ್ಷ ಅಣ್ಣ ನಲವತ್ತು ಆಕಾಶಬುಟ್ಟಿ ಮಾಡಿದ. ವಿಜಯದಶಮಿಯ ಮರುದಿನ ಬಿದಿರು ಸೀಳಲು ಕೂತವನು ದೀಪಾವಳಿಗೆ ಎಂಟು ದಿನ ಇರುವಾಗ ಕೊನೆಯದಕ್ಕೆ ಬಾಲ ಅಂಟಿಸಿ ಎದ್ದ. ಹಿಮಾಯತ್‌ನಗರದ ನಮ್ಮ ಬಾಡಿಗೆ ಮನೆಯ ಪಡಸಾಲೆ ಅಷ್ಟೇನೂ ದೊಡ್ಡದಲ್ಲ. ಎರಡು ತಂತಿ ಅಡ್ಡ ಕಟ್ಟಿ ಎಲ್ಲವನ್ನೂ ತೂಗುಹಾಕಿದ್ದರಿಂದ ಅಡುಗೆಮನೆಗೆ ಹೋಗಬೇಕಾದರೂ ತಲೆ ಬಗ್ಗಿಸಬೇಕಿತ್ತು. ಅಪ್ಪ ಬಗ್ಗುತ್ತಿರಲಿಲ್ಲ. ಗೋಡೆಗುಂಟ ಸುತ್ತಿಕೊಂಡು ಹೋಗುತ್ತಿದ್ದರು.

ನಲವತ್ತು ಅಂತ ಖಚಿತವಾಗಿ ಹೇಳಬಲ್ಲೆ, ಏಕೆಂದರೆ ದಿನಚರಿಯಲ್ಲಿ ಬರೆದಿದ್ದೇನೆ. ಕಾಲೇಜು ಸೇರಿದ ವರ್ಷದಿಂದ ನನಗೆ ಇದೊಂದು ರೂಢಿ. ಹಾಲಿನವನು ಬಾರದ ದಿನ, ಕರೆಂಟು ಹೋದ ಹೊತ್ತು, ಮನೆಗೆ ಬಂದುಹೋದವರು, ಎಲ್ಲ ಬರೆಯುತ್ತೇನೆ. ಅಣ್ಣ ಮೊದಲೆಲ್ಲ ಕಾಡಿಸುತ್ತಿದ್ದ: "ನೀ ಸತ್ತು ಮ್ಯಾಲೆ ಹೋದಿ ಅಂದ್ರ ಚಿತ್ರಗುಪ್ತ ರಜಾ ಹಾಕ್ತಾನ ನೋಡು." ಅವ್ವ ಹೋದ ಮೇಲೆ ಆ ಮಾತು ಆಡುವುದನ್ನು ಬಿಟ್ಟ.

ಅವ್ವ ಹೋದದ್ದು ಪುಷ್ಯದಲ್ಲಿ, ಸಂಕ್ರಾಂತಿ ಕಳೆದು ಐದನೆಯ ದಿನ. ಹಾಗಾಗಿ ನಮ್ಮ ಮನೆ ಆಗ ವರ್ಷದೊಳಗಿನ ಮನೆ. ವರ್ಷಾಂತಿಕ ಆಗುವವರೆಗೆ ಹಬ್ಬವಿಲ್ಲ. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಕರಿಯುವ ಕಡಾಯಿ ಇಡುವಂತಿಲ್ಲ, ದೀಪಾವಳಿಗೆ ಆಕಾಶಬುಟ್ಟಿ ಕಟ್ಟುವಂತಿಲ್ಲ. ಇದು ನಮಗೆ ಗೊತ್ತಿತ್ತು, ಒಪ್ಪಿಕೊಂಡೂ ಇದ್ದೆವು. ಪಡಸಾಲೆ ತುಂಬ ಬುಟ್ಟಿಗಳಿದ್ದರೂ ಅದರಲ್ಲಿ ಒಂದೂ ನಮ್ಮ ಮನೆಯದಲ್ಲ ಅನ್ನುವುದು ನಮಗೆ ವಿಚಿತ್ರ ಅನ್ನಿಸಿರಲಿಲ್ಲ. ಅವು ಮಾರುವ ಬುಟ್ಟಿಗಳು.

ಎಲ್ಲವನ್ನೂ ಮಾರಬೇಕಿತ್ತು. ಅದು ಅಪ್ಪನ ಷರತ್ತು. ಅಣ್ಣ ಚಿತ್ರಕಲೆಯ ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಅಂಗಡಿಗಳ ಬೋರ್ಡು, ಮದುವೆ ಮಂಟಪದ ಹಿಂದಿನ ಪರದೆ, ಇಂಥವು ಸಿಕ್ಕಾಗ ಮಾಡುತ್ತಿದ್ದ, ಉಳಿದ ಹೊತ್ತು ತನ್ನ ಚಿತ್ರ ಬರೆಯುತ್ತಿದ್ದ. ಅಪ್ಪ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅವರ ಅಪ್ಪನೂ ಕಲಬುರ್ಗಿಯಿಂದ ಈ ತೆಲುಗು ಊರಿಗೆ ಬಂದದ್ದು ಸರಕಾರಿ ನೌಕರಿಗೇ. ತಿಂಗಳ ಮೊದಲನೆಯ ತಾರೀಖಿಗೆ ಸಂಬಳ ಬಾರದ ಕೆಲಸವನ್ನು ಅವರು ಕೆಲಸ ಅನ್ನುತ್ತಿರಲಿಲ್ಲ. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿ ಅಣ್ಣನಿಗೆ ಜಾಗ ಹೇಳಿಟ್ಟಿದ್ದರು. ದೀಪಾವಳಿ ಮುಗಿದ ಸೋಮವಾರ ಹಾಜರಾಗಬೇಕು.

ದಸರೆಯ ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದರು, "ಈ ಸಲ ಮಾಡಿದ್ದೆಲ್ಲಾ ಮಾರಿ ತೋರಸು. ಒಂದೂ ಉಳೀಬಾರದು. ಆಮ್ಯಾಲೆ ಒಂದು ವರ್ಷ ನಾ ನೌಕರಿ ಸುದ್ದಿ ಎತ್ತಂಗಿಲ್ಲ."

"ಉಳದ್ರ?"

"ಉಳದ್ರ ಸೋಮವಾರ ಮುಂಜಾನೆ ಡಬ್ಬಿ ಕಟಗೊಂಡು ಬಸ್ ಹತ್ತು."

ಅಣ್ಣ ನನ್ನ ಕಡೆ ನೋಡಿ, "ಬರಕೋ ತಂಗಿ, ಸಾಕ್ಷಿ ನೀನ," ಅಂದ. ನಗುತ್ತಲೇ ಅಂದ. ಆಗ ಅವನಿಗೆ ಧೈರ್ಯವಿತ್ತು. ಹಿಂದಿನ ಮೂರು ವರ್ಷವೂ ಅವನ ಬುಟ್ಟಿಗಳು ಒಂದೂ ಉಳಿದಿರಲಿಲ್ಲ.

ಹಿಂದಿನ ಮೂರು ವರ್ಷದ ಬುಟ್ಟಿಗಳ ಮೇಲೆ ಅವನು ನವಿಲು ಬರೆಯುತ್ತಿದ್ದ. ನವಿಲು, ಕಮಲ, ಕಲಶ. ಅವು ಅವ್ವ ಹೇಳಿದ ಚಿತ್ರಗಳು. "ಮಂದಿ ಬಾಗಲಿಗೆ ಕಟ್ಟೂದು, ನಿನ್ನ ಗ್ಯಾಲರಿಗೆ ಅಲ್ಲ," ಅನ್ನುತ್ತಿದ್ದಳು. ಈ ಸಲ ಹೇಳುವವರಿರಲಿಲ್ಲ. ಅಣ್ಣ ಬಂಡೆ ಬರೆದ. ಈ ಊರಲ್ಲಿ ಎಲ್ಲಿ ನೋಡಿದರೂ ಒಂದರ ಮೇಲೊಂದು ಕೂತಿರುತ್ತವಲ್ಲ, ಯಾರೋ ಇಟ್ಟು ಮರೆತ ಹಾಗೆ, ಆ ಬಂಡೆಗಳು. ಎಂಟು ಮುಖದ ಬುಟ್ಟಿ, ಸುತ್ತಲೂ ಬಂಡೆ. ಕಪ್ಪು ಮತ್ತು ಕಂದು ಶಾಯಿ. ಬಂಡೆಗಳ ನಡುವೆ ಒಂದು ಸಣ್ಣ ಮನೆ, ಆ ಮನೆಗೊಂದು ಕಿಟಕಿ. ಕಿಟಕಿಗೆ ಮಾತ್ರ ಬಣ್ಣ ಹಚ್ಚದೆ ಹಳದಿ ಕಾಗದವನ್ನು ಹಾಗೇ ಬಿಟ್ಟಿದ್ದ. ಒಳಗೆ ದೀಪ ಹಾಕಿದರೆ ಬಂಡೆಗಳೆಲ್ಲ ಮಂಕಾಗಿ ಕೆಂಪಗೆ ಕಾಣುತ್ತಿದ್ದವು, ಕಿಟಕಿಯೊಂದು ಬೆಳಗುತ್ತಿತ್ತು. ನಲವತ್ತು ಬುಟ್ಟಿಯಲ್ಲೂ ಬಂಡೆ ಬೇರೆ ಬೇರೆ, ಕಿಟಕಿ ಒಂದೇ ಅಳತೆ.

ಚೆನ್ನಾಗಿದ್ದವು ಅಂತ ಈಗಲೂ ನನಗೆ ಅನ್ನಿಸುತ್ತದೆ. ಆದರೆ ದೀಪ ಹಾಕಿದರೆ ಮಾತ್ರ.

ಗುರುವಾರ ಮುಂಜಾನೆ ನಾವಿಬ್ಬರೂ ಹಿಮಾಯತ್‌ನಗರದ ದೊಡ್ಡ ರಸ್ತೆಯಲ್ಲಿ ಒಂದು ಪಾನ್ ಡಬ್ಬಿಯ, ಅಂದರೆ ಬೀಡಾ ಅಂಗಡಿಯ, ಪಕ್ಕ ಜಾಗ ಹಿಡಿದೆವು. ನಮ್ಮ ಒಂದು ಬದಿಗೆ ಮಣ್ಣಿನ ಪಣತಿ ಮಾರುವವಳು, ಆಚೆ ಪಟಾಕಿಯವನು. ಎರಡು ಬಿದಿರಿನ ನಡುವೆ ಹಗ್ಗ ಕಟ್ಟಿ ಹತ್ತು ಬುಟ್ಟಿ ತೂಗುಹಾಕಿದೆವು. ಬಿಸಿಲಿಗೆ ಅವು ಕಪ್ಪಗೆ ಕೊಳೆಯಾದ ಕಾಗದದ ಗಂಟಿನ ಹಾಗೆ ಕಂಡವು. ಹೋಗುವವರು ನಿಂತು ಕೇಳುತ್ತಿದ್ದರು, ಆದರೆ ಕೇಳಿದ್ದೆಲ್ಲ ಒಂದೇ. ತೆಲುಗಿನವರ ಮನೆಯಲ್ಲಿ ಇದನ್ನು ಕಟ್ಟುವ ರೂಢಿ ಇಲ್ಲ; ಅವರಿಗೆ ಸಾಲು ಪಣತಿ ಇಟ್ಟರೆ ದೀಪಾವಳಿ.

"ಇದಿ ಏಂಟಂಡಿ?" ಇದೇನು ಅಂತ.

ಅಣ್ಣ ತೆಲುಗಿನಲ್ಲಿ ವಿವರಿಸುತ್ತಿದ್ದ: ಕಾರ್ತಿಕ ಮಾಸ, ಮನೆಯ ಮುಂದೆ ಎತ್ತರಕ್ಕೆ ಕಟ್ಟುವುದು, ಹಿರಿಯರಿಗೆ ದಾರಿ ತೋರುವ ದೀಪ. ವಿವರಿಸಿ ಮುಗಿಸುವ ಹೊತ್ತಿಗೆ ಅವರು ಪಣತಿಯವಳ ಹತ್ತಿರ ಇರುತ್ತಿದ್ದರು.

ಪಾನ್ ಡಬ್ಬಿಯ ಮುದುಕ ಮಧ್ಯಾಹ್ನದವರೆಗೆ ಸುಮ್ಮನೆ ನೋಡಿ ಕೊನೆಗೆ, "ಬೇಟಾ, ಲೆಕ್ಚರ್ ದೇ ರೈ ಕೀ ಮಾಲ್ ಬೇಚ್ ರೈ?" ಅಂದ. ಪಾಠ ಮಾಡ್ತಿದ್ದೀಯೋ ಮಾಲು ಮಾರ್ತಿದ್ದೀಯೋ ಅಂತ. ಅಣ್ಣನಿಗೆ ಸಿಟ್ಟು ಬರಲಿಲ್ಲ. "ಎರಡೂ ಆಗವಲ್ದು," ಅಂತ ನನಗೆ ಕನ್ನಡದಲ್ಲಿ ಹೇಳಿದ.

ಒಂದು ಕುಟುಂಬ ನಿಂತಿತು. ನಮ್ಮ ಕಡೆಯವರೇ, ಬೀದರಿನ ಮಾತು. ಹೆಂಗಸು ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ರೀ ಇದು, ದೀಪಾವಳಿಗೆ ಕಲ್ಲು ಬರದೀರಿ?"

"ಬಂಡೆರೀ. ಒಳಗ ದೀಪ ಹಾಕಿದ್ರ..."

"ದೀಪ ಹಾಕಿದ್ರೂ ಕಲ್ಲು ಕಲ್ಲಽ ಅಲ್ರೀ," ಅಂದರು ಆಕೆಯ ಯಜಮಾನರು. ನಗುತ್ತ ಹೋದರು.

ಅವತ್ತು ಒಂದೂ ಹೋಗಲಿಲ್ಲ.

ಮರುದಿನ ಸಂಜೆ ಪಾನ್ ಡಬ್ಬಿಯ ಮುದುಕನೇ ಒಂದು ವೈರು ಎಳೆದುಕೊಟ್ಟ. ಅವನ ಬಲ್ಬಿನಿಂದ ನಮ್ಮ ಹಗ್ಗಕ್ಕೆ. ಒಂದೇ ಬಲ್ಬು, ಒಂದೇ ಬುಟ್ಟಿಯೊಳಗೆ. ಅದನ್ನು ಎಲ್ಲಕ್ಕಿಂತ ಎತ್ತರದಲ್ಲಿ ಕಟ್ಟಿದೆವು. ಕತ್ತಲಾಗುತ್ತಿದ್ದಂತೆ ರಸ್ತೆಯ ಆಚೆಯಿಂದಲೂ ಜನ ಇತ್ತ ತಿರುಗಿದರು. ನಿಂತವರಿಗೆ ಅಣ್ಣ ಏನೂ ವಿವರಿಸಲಿಲ್ಲ. ತಾರ್ನಾಕದ ಹಾಸ್ಟೆಲಿನಿಂದ ಬಟ್ಟೆ ಕೊಳ್ಳಲು ಬಂದಿದ್ದ ಇಬ್ಬರು ತೆಲುಗು ಹುಡುಗಿಯರು ಎರಡು ಕೊಂಡರು. ಹಬ್ಬಕ್ಕಲ್ಲ, ರೂಮಿನ ಬಲ್ಬಿಗೆ ಹಾಕಲು. ಅವರಲ್ಲಿ ಒಬ್ಬಳು, "ಈ ಕಿಟಿಕೀಲೋ ಎವರುನ್ನಾರು?" ಅಂತ ಕೇಳಿದಳು, ಈ ಕಿಟಕಿಯಲ್ಲಿ ಯಾರಿದ್ದಾರೆ ಅಂತ. ಅಣ್ಣ ದಾರ ಕಟ್ಟಿಕೊಟ್ಟ.

ಶುಕ್ರವಾರ ಐದು, ಶನಿವಾರ ನಾಲ್ಕು. ಶನಿವಾರ ಇನ್ನೂ ಹೋಗುತ್ತಿದ್ದವೇನೋ. ಏಳೂವರೆಗೆ ಆ ಸಾಲಿನ ಕರೆಂಟು ಹೋಯಿತು. ಪಣತಿಯವಳು ಒಂದು ಪಣತಿ ಹಚ್ಚಿಟ್ಟು ವ್ಯಾಪಾರ ಮುಂದುವರಿಸಿದಳು. ನಮ್ಮ ಬುಟ್ಟಿಗಳು ಮತ್ತೆ ಕಾಗದದ ಗಂಟುಗಳಾದವು. ಅಣ್ಣ ಒಂಬತ್ತರವರೆಗೆ ಕಾದು ಹಗ್ಗ ಬಿಚ್ಚಿದ.

ಮನೆಗೆ ಬರುತ್ತ ನಾನು ಅವನಿಗೆ ಹೇಳಿದೆ. ಇಂಥದ್ದನ್ನು ಹಗಲು ಹೊತ್ತು ಮಾರಲು ಕೂರಬಾರದು. ಒಂದನ್ನಾದರೂ ಉರಿಸಿ ತೋರಿಸಬೇಕು. ಎಲ್ಲ ಒಂದೇ ದೊಡ್ಡ ಅಳತೆ ಮಾಡುವ ಬದಲು ಕೈಯಲ್ಲಿ ಹಿಡಿದು ಬಸ್ಸು ಹತ್ತುವಂಥ ಸಣ್ಣವು ಅರ್ಧ ಇರಬೇಕಿತ್ತು. ಮುಂದಿನ ಸಲ ನಮ್ಮದೇ ಬ್ಯಾಟರಿ ಇಟ್ಟುಕೊಳ್ಳಬೇಕು. ಅಣ್ಣ ಎಲ್ಲ ಕೇಳಿ, "ಮುಂದಿನ ಸಲ ಅನ್ನೂದು ಇರಬೇಕಲ್ಲ," ಅಂದ. ಮೂವತ್ತೊಂದು ಉಳಿದಿದ್ದವು. ಬುಟ್ಟಿ ಕೊಳ್ಳುವವರು ತ್ರಯೋದಶಿಯೊಳಗೆ ಕೊಳ್ಳುತ್ತಾರೆ. ಅದಕ್ಕೆ ಇದ್ದದ್ದು ಮೂರು ದಿನ.

ಸ್ವಲ್ಪ ದೂರ ನಡೆದ ಮೇಲೆ ಅವನೇ ಹೇಳಿದ, "ಅವ್ವನ ಮನಿಗಳು ಅದಾವಲ್ಲ."

ಅವ್ವನ ಮನೆಗಳು ಅಂದರೆ ಅವಳು ಬುಟ್ಟಿ ಕೊಡುತ್ತಿದ್ದ ಮನೆಗಳು. ಎಲ್ಲ ನಮ್ಮ ಕಡೆಯವರು. ವಿಜಯಪುರ, ರಾಯಚೂರು, ಬಾಗಲಕೋಟೆಯಿಂದ ಬಂದು ನಿಂತವರು. ಕೆಲವರು ನೌಕರಿ, ಕೆಲವರು ಜವಳಿ ಅಂಗಡಿ. ಭಜನೆಯಲ್ಲಿ, ಅರಿಷಿಣ ಕುಂಕುಮಕ್ಕೆ ಹೋದಲ್ಲಿ ಅವ್ವನಿಗೆ ಪರಿಚಯವಾದವರು. ಅವರಲ್ಲಿ ಒಂದು ಮನೆಯೂ ಬುಟ್ಟಿ ಇಲ್ಲದೆ ದೀಪಾವಳಿ ಮಾಡುವುದಿಲ್ಲ. ಇಷ್ಟು ಸರಳವಾದದ್ದು ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ನನಗೆ ನನ್ನ ಮೇಲೇ ಬೇಸರವಾಯಿತು.

ರವಿವಾರ ಮುಂಜಾನೆ ಒಂದು ಬಿದಿರಿಗೆ ಹನ್ನೆರಡು ಬುಟ್ಟಿ ಸಿಕ್ಕಿಸಿಕೊಂಡು ಇಬ್ಬರೂ ಎರಡು ತುದಿ ಹೊತ್ತು ಹೊರಟೆವು. ಮೊದಲು ಹಿಂದಿನ ಓಣಿಯ ಕಾಕೂನ ಮನೆ. ಅವ್ವನ ಜೊತೆ ಭಜನೆಗೆ ಹೋಗುತ್ತಿದ್ದವರು, ನಮಗೆ ಚಿಕ್ಕಮ್ಮನ ಹಾಗೆ. ಕದ ತೆಗೆದವರೇ ನಮ್ಮಿಬ್ಬರನ್ನೂ, ಹೆಗಲ ಮೇಲಿನ ಬುಟ್ಟಿಗಳನ್ನೂ ನೋಡಿ ಒಂದು ಗಳಿಗೆ ಬಾಗಿಲಲ್ಲೇ ನಿಂತರು.

"ಬರ್ರಿ, ಒಳಗ ಬರ್ರಿ. ಅವನ್ನ ಅಲ್ಲೇ ಹೊರಗ ಇಡ್ರಿ, ಯಾರೂ ಮುಟ್ಟಂಗಿಲ್ಲ."

ಕೂತೆವು. ಚಹಾ ಆಯಿತು. ಅಪ್ಪನ ಬಿ.ಪಿ., ನನ್ನ ಪರೀಕ್ಷೆ, ಮನೆಯಲ್ಲಿ ರೊಟ್ಟಿ ಯಾರು ಮಾಡುತ್ತಾರೆ, ಎಲ್ಲ ಕೇಳಿದರು. ಅಣ್ಣ ಬುಟ್ಟಿಯ ವಿಷಯ ತೆಗೆದ. "ಕಾಕೂ, ಈ ಸಲ ನಿಮಗ ಯಾವುದು ಬೇಕು ನೀವಽ ಆರಿಸಿಕೊಳ್ರಿ."

ಕಾಕು ಎದ್ದು ಒಳಗೆ ಹೋದರು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ದುಡ್ಡು ತರಲು ಹೋದರು ಅಂತ ನಾನೂ ಅಂದುಕೊಂಡೆ. ಅವರು ತಂದದ್ದು ಒಂದು ಸ್ಟೀಲಿನ ಡಬ್ಬಿ. ಚಕ್ಕಲಿ, ಶಂಕರಪಾಳಿ, ಮೇಲೆ ನಾಲ್ಕು ಬೇಸನ್ ಉಂಡಿ.

"ಹಬ್ಬದ ದಿನ ನಾನಽ ಕಳಸಬೇಕಂತ ಮಾಡಿದ್ದೆ. ನೀವ ಬಂದೀರಿ, ತಗೊಂಡು ಹೋಗ್ರಿ. ನಿಮ್ಮ ಮನ್ಯಾಗ ಕಡಾಯಿ ಇಡಂಗಿಲ್ಲಲ್ಲ." ಹೇಳುತ್ತ ಅವರ ಕಣ್ಣು ತುಂಬಿತು. "ನಿಮ್ಮವ್ವನ ಕೈ ಚಕ್ಕಲಿ ತಿಂದ ಬಾಯಿಗೆ ಇದು ರುಚಿ ಹತ್ತಂಗಿಲ್ಲ, ಆದ್ರೂ ತಿನ್ರಿ."

"ಬುಟ್ಟಿ, ಕಾಕೂ?"

"ಮುಂದಿನ ವರ್ಷ ತಗೋತೀನಪಾ. ಮುಂದಿನ ವರ್ಷ ಎರಡು ತಗೋತೀನಿ."

ಎರಡನೆಯ ಮನೆಯಲ್ಲಿ ಅವಲಕ್ಕಿ ಚೂಡಾ ಮತ್ತು ಕರಜಿಕಾಯಿ. ಮೂರನೆಯ ಮನೆಯಲ್ಲಿ ಮತ್ತೆ ಚಕ್ಕಲಿ. ಎಲ್ಲ ಕಡೆಯೂ ಕೂರಿಸಿದರು, ಚಹಾ ಕೊಟ್ಟರು, ಅವ್ವನನ್ನು ನೆನೆದರು. ಎಲ್ಲ ಕಡೆಯೂ ಮುಂದಿನ ವರ್ಷ. ಜವಳಿ ಅಂಗಡಿಯ ಮನೆಯಲ್ಲಿ ಯಜಮಾನರು ಬುಟ್ಟಿಯನ್ನು ಎತ್ತಿ ನೋಡಿ, "ಭಾಳ ಚಂದ ಮಾಡೀಯೋ ತಮ್ಮಾ," ಅಂದು ಒಳಗಿನಿಂದ ಹೆಂಡತಿ ಕೆಮ್ಮಿದ್ದು ಕೇಳಿ ಕೆಳಗಿಟ್ಟರು. ನನ್ನ ಚೀಲ ತುಂಬಿತು. ಅಲ್ಲಿಯೇ ಇನ್ನೊಂದು ಚೀಲ ಕೊಟ್ಟರು.

ಬೇಡ ಅನ್ನುವಂತಿರಲಿಲ್ಲ. ವರ್ಷದೊಳಗಿನ ಮನೆಗೆ ಕೊಡುವ ಹಬ್ಬದ ತಿಂಡಿ, ಫರಾಳವನ್ನು ಬೇಡ ಅಂದರೆ ಕೊಟ್ಟವರಿಗೆ ನೋವಾಗುತ್ತದೆ, ಸತ್ತವರಿಗೂ ನೋವಾಗುತ್ತದೆ ಅಂತ ಅವ್ವನೇ ಹೇಳಿದ್ದಳು.

ಮಧ್ಯಾಹ್ನ ಬಸ್ಸಿನಲ್ಲಿ ತಾರ್ನಾಕಕ್ಕೆ ಹೋದೆವು. ಅಲ್ಲಿ ಯೂನಿವರ್ಸಿಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರ ಮನೆ. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ನಾವು ಹೆಗಲಿನಿಂದ ಬಿದಿರು ಇಳಿಸುವ ಮೊದಲೇ ಕೇಳಿದರು.

"ಯಾರ ಮನ್ಯಾವು ಇವು?"

"ನಾವಽ ಮಾಡಿದ್ದು ಅಜ್ಜಿ. ಮಾರಾಕ ತಂದೀವಿ. ನಿಮಗ ಪ್ರತಿ ವರ್ಷ ನಮ್ಮವ್ವ..."

"ಗೊತ್ತಾತು ಕೂಡ್ರಿ." ಅಜ್ಜಿ ಬುಟ್ಟಿಗಳನ್ನು ನೋಡಲೇ ಇಲ್ಲ. "ನಿಮ್ಮವ್ವ ಹೋಗಿ ವರ್ಷ ಆತೇನು?"

"ಇಲ್ಲ ಅಜ್ಜಿ. ಪುಷ್ಯಕ್ಕ ಆಕೈತಿ."

"ಮತ್ತ? ವರ್ಷದೊಳಗಿನ ಮನೀಂದ ಹಬ್ಬದ ಸಾಮಾನು ಯಾರು ತಗೋತಾರ ತಮ್ಮಾ? ಈ ವರ್ಷ ನಾವು ಕೊಡೂದು, ನೀವು ತಗೊಳ್ಳೂದು. ನಿಮ್ಮ ಕಡಿಂದ ಏನೂ ಹೊಳ್ಳಿ ಬರಬಾರದು."

ಅಣ್ಣ ಬಿದಿರನ್ನು ಕಟ್ಟೆಗೆ ಒರಗಿಸಿದ. "ನಾವು ಕಟ್ಟಬಾರದು ಅಂತ ಗೊತ್ತಿತ್ತು ಅಜ್ಜಿ. ಮಾರಬಾರದು ಅಂತ ಯಾರೂ ಹೇಳಿರಲಿಲ್ಲ."

"ಯಾರು ಹೇಳಬೇಕು? ಹೇಳಾಕಿನಽ ಹೋದ್ಲು," ಅಂದರು ಅಜ್ಜಿ. ಕಟುವಾಗಿ ಅನ್ನಲಿಲ್ಲ. ಆಮೇಲೆ, "ಆಕೀ ಎಂಥಾ ಶ್ಯಾಣ್ಯಾಕಿ ಅಂತೀರಿ. ಶ್ರಾವಣ ಶುಕ್ರವಾರ ಕುಂಕುಮಕ್ಕ ಬಂದಾಗನಽ, ಅಜ್ಜೀ, ನಿಮ್ಮ ಬಾಗಲಿಗೆ ಈ ಸಲ ಹಸರ ನವಿಲು ಚಂದ ಕಾಣತೈತಿ ಅಂತ ಹೇಳಿ ಇಡತಿದ್ಲು. ದೀಪಾವಳಿ ಬರೂತನಕ ನನಗ ಬ್ಯಾರೆ ಬುಟ್ಟಿ ಕಣ್ಣಿಗೆ ಹತ್ತತಿದ್ದಿಲ್ಲ," ಅಂದು ಸೊಸೆಯನ್ನು ಕೂಗಿದರು. ಸೊಸೆ ಕಜ್ಜಾಯದಂಥ ಅನಾರಸದ ಡಬ್ಬಿ ತಂದರು.

ಮೂರು ವರ್ಷ ನಾವು ಬುಟ್ಟಿಗಳು ತಾವಾಗಿ ಹೋಗುತ್ತವೆ ಅಂದುಕೊಂಡಿದ್ದೆವು. ಅಣ್ಣ ಚೆನ್ನಾಗಿ ಬರೆಯುತ್ತಾನೆ, ಆದ್ದರಿಂದ ಹೋಗುತ್ತವೆ. ಅವ್ವ ಶ್ರಾವಣದಿಂದಲೇ ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣ ಹೇಳಿ ಬರುತ್ತಿದ್ದಳು ಅನ್ನುವುದು ನಮಗೆ ಆವತ್ತು ಆ ಕಟ್ಟೆಯ ಮೇಲೆ ಗೊತ್ತಾಯಿತು.

ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಹನ್ನೆರಡು ಬುಟ್ಟಿ ಅಣ್ಣನ ಮಡಿಲಲ್ಲೂ ಕಾಲ ಸುತ್ತಲೂ, ಎರಡು ಚೀಲ ನನ್ನ ಮಡಿಲಲ್ಲಿ. ಬಸ್ಸೆಲ್ಲ ಕರಿದ ವಾಸನೆ. ಕಂಡಕ್ಟರ್ ಬುಟ್ಟಿಗಳಿಗೂ ಟಿಕೆಟ್ ಅಂದ, ಆಮೇಲೆ ತಮಾಷೆ ಮಾಡಿದೆ ಅಂದ. ಅಣ್ಣ ಚೀಲಕ್ಕೆ ಕೈ ಹಾಕಿ ಅವನಿಗೊಂದು ಚಕ್ಕಲಿ ಕೊಟ್ಟ.

"ಏನ್ ತಂಗಿ, ಮಾರಾಕ ಹೋದವರು ಸಂತಿ ಮಾಡಿಕೊಂಡು ಬಂದಂಗ ಆತು," ಅಂದ.

ಮನೆಯಲ್ಲಿ ನಾನು ಡಬ್ಬಿಗಳನ್ನು ಅಪ್ಪನ ಮುಂದೆ ಇಟ್ಟೆ. ಅಣ್ಣ ಬುಟ್ಟಿಗಳನ್ನು ತಂತಿಗೆ ಸಿಕ್ಕಿಸಿ ಒಳಗೆ ಹೋದ. ಅಪ್ಪ ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಯಾರ ಮನೆಯದು ಯಾವುದು ಅಂತ ಕೇಳಲಿಲ್ಲ. ಚಕ್ಕಲಿಯ ಗಾತ್ರ ನೋಡಿಯೇ ಗುರುತು ಹಿಡಿದರು.

ನಾನು ಕೇಳಿದೆ, "ನಮ್ಮ ಕಡಿಂದ ತಗೊಳ್ಳಂಗಿಲ್ಲ ಅಂತ ನಿಮಗ ಗೊತ್ತಿತ್ತೇನು ಅಪ್ಪಾ?"

ಅವರು ಒಂದು ಶಂಕರಪಾಳಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಇಂಥಾವೆಲ್ಲಾ ನಿಮ್ಮವ್ವ ನೋಡತಿದ್ಲು," ಅಂದರು. ಅದು ಹೌದು ಅಂತಲೋ ಇಲ್ಲ ಅಂತಲೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಕೇಳಿ ಹೌದು ಅಂದುಬಿಟ್ಟರೆ ಆ ಮನೆಯಲ್ಲಿ ಮೂವರೂ ಹೇಗಿರಬೇಕು ಅನ್ನುವುದು ಗೊತ್ತಿರಲಿಲ್ಲ.

ಸೋಮವಾರ ಸಂಜೆ ಮತ್ತೆ ಪಾನ್ ಡಬ್ಬಿಯ ಪಕ್ಕ ನಿಂತಾಗ ಎದುರು ಸಾಲಿನ ಮಿಠಾಯಿ ಅಂಗಡಿಯ ಮಾಲೀಕರು ರಸ್ತೆ ದಾಟಿ ಬಂದರು. ಮೂರು ದಿನದಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೋಡುತ್ತಿದ್ದರಂತೆ. ಹೊಸದಾಗಿ ಅಂಗಡಿಯ ಮುಂಭಾಗ ಕಟ್ಟಿಸಿದ್ದರು, ಲಕ್ಷ್ಮೀಪೂಜೆಗೆ ಅಲಂಕಾರ ಬೇಕಿತ್ತು.

"ಎಷ್ಟಿವೆ?" ಅಂತ ಹಿಂದಿಯಲ್ಲಿ ಕೇಳಿದರು.

"ಮೂವತ್ತೊಂದು."

"ಎಲ್ಲಾ ಕೊಡು. ಈ ಕಲ್ಲು ಬೇಡ. ಎಲ್ಲದರ ಮೇಲೂ ಕೆಂಪು ಬಣ್ಣ ಹೊಡೆದು ಅಂಗಡಿ ಹೆಸರು ಬರಿ. ನಾಲ್ಕು ಕಡೆ ತೆಲುಗು, ನಾಲ್ಕು ಕಡೆ ಇಂಗ್ಲಿಷ್. ಬುಧವಾರ ಮಧ್ಯಾಹ್ನ ಕಟ್ಟಬೇಕು." ಹೇಳಿದ ಬೆಲೆ ಕಡಿಮೆಯೇನೂ ಆಗಿರಲಿಲ್ಲ. ಅದನ್ನು ಹೇಳಲೇಬೇಕು, ಅವರು ಒಳ್ಳೆಯ ಮನುಷ್ಯ.

ಅಣ್ಣ ಬಲ್ಬು ಉರಿಯುತ್ತಿದ್ದ ಬುಟ್ಟಿಯನ್ನು ನೋಡಿದ. "ಕಿಟಕಿ ಬಿಡಲಾ?"

"ಯಾವ ಕಿಟಕಿ?"

ಅಣ್ಣ ಬೆರಳಿನಿಂದ ತೋರಿಸಿದ. ಅವರು ಬಗ್ಗಿ ನೋಡಿ, "ಅಕ್ಷರದ ನಡುವೆ ತೂತು ಕಾಣುತ್ತೆ ಬಾಬು, ಮುಚ್ಚಿಬಿಡು," ಅಂದರು.

ಅಣ್ಣ ಒಪ್ಪಿಕೊಂಡ. ನಾನು ದಾರಿಯಲ್ಲಿ ಏನೋ ಹೇಳಲು ಹೋದೆ. "ಒಂದೂ ಉಳೀಬಾರದು ಅಂದಾರಲ್ಲ ಅಪ್ಪ," ಅಂದ, ಅಷ್ಟೇ.

ಒಂದೂವರೆ ದಿನ ಪಡಸಾಲೆಯಲ್ಲಿ ಕೂತು ಮೂವತ್ತೊಂದಕ್ಕೂ ಕೆಂಪು ಹೊಡೆದ. ಗಾಳಿಪಟದ ಕಾಗದ ತೆಳು, ಒದ್ದೆಯಾದರೆ ಹರಿಯುತ್ತದೆ. ಆದ್ದರಿಂದ ಒಂದು ಮುಖ ಒಣಗಿದ ಮೇಲೆ ಇನ್ನೊಂದು ಮುಖ. ನಾನು ಪುಸ್ತಕದಿಂದ ಗಾಳಿ ಹಾಕಿ ಒಣಗಿಸಿದೆ. ಬಂಡೆಗಳು ಮೊದಲು ಹೋದವು. ಕಿಟಕಿಗಳನ್ನು ಕೊನೆಗೆ ಮುಚ್ಚಿದ, ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು, ಒಂದೊಂದಕ್ಕೆ ಕುಂಚದ ಒಂದೊಂದು ಎಳೆತ. ಅಪ್ಪ ಕಚೇರಿಯಿಂದ ಬಂದು ಬೂಟು ಬಿಚ್ಚುತ್ತ ನೋಡಿದರು. ಮೊದಲ ಸಲ ತಂತಿಯ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರು.

ಅಮಾವಾಸ್ಯೆಯ ಸಂಜೆ ಇಡೀ ರಸ್ತೆ ಪಟಾಕಿ ಹೊಗೆ. ನಮ್ಮ ಮನೆಯ ಮುಂದೆ ಮಾತ್ರ ದೀಪವಿರಲಿಲ್ಲ. ನಾನೂ ಅಣ್ಣನೂ ಮಿಠಾಯಿ ಅಂಗಡಿಯ ಎದುರು ಹೋಗಿ ನಿಂತೆವು. ಮೂವತ್ತೊಂದೂ ಉರಿಯುತ್ತಿದ್ದವು. ಅಂಗಡಿ ತುಂಬ ಜನ. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನೋಡಬೇಕಾದ್ದೂ ಏನಿರಲಿಲ್ಲ, ಹೆಸರು ಬೋರ್ಡಿನ ಮೇಲೂ ಇತ್ತು. ಮಾಲೀಕರು ನಮ್ಮನ್ನು ಕಂಡು ಒಂದು ಡಬ್ಬಿ ಮಿಠಾಯಿ ಕಳಿಸಿದರು. ಅವರಿಗೆ ನಮ್ಮ ಮನೆಯ ಸುದ್ದಿ ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಶುರುಮಾಡಿದರು. "ಮಾರಿದಿ. ನಾ ಮಾತು ಕೊಟ್ಟಿದ್ದೆ. ಜೀಡಿಮೆಟ್ಲಾದವರಿಗೆ ಫೋನ್ ಮಾಡಿ ಬ್ಯಾಡ ಅಂತ ಹೇಳತೀನಿ."

"ಬ್ಯಾಡ್ರಿ," ಅಂದ ಅಣ್ಣ. "ನಾ ಸೋಮವಾರ ಹೋಗತೀನಿ."

"ಯಾಕ? ಎಲ್ಲಾ ಹೋದ್ವಲ್ಲ?"

"ಒಂಬತ್ತು ಹೋದ್ವು ಅಪ್ಪಾ. ಉಳದಾವು ಬೋರ್ಡು. ಬೋರ್ಡು ಬರಿಯೂದು ನನಗ ಮೊದಲಽ ಬರತಿತ್ತು."

ಅಪ್ಪ ತಟ್ಟೆಯಲ್ಲಿದ್ದ ಕಾಕೂನ ಚಕ್ಕಲಿಯನ್ನು ಎರಡು ತುಂಡು ಮಾಡಿದರು, ನಾಲ್ಕು ಮಾಡಿದರು, ತಿನ್ನಲಿಲ್ಲ. ಸೋಮವಾರ ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ನಾನು ಕಟ್ಟಿದೆ.

ಪುಷ್ಯದಲ್ಲಿ ಅವ್ವನ ವರ್ಷಾಂತಿಕ ಆಯಿತು. ಮನೆಗೆ ಹಬ್ಬಗಳು ವಾಪಸು ಬಂದವು. ಶ್ರಾವಣದ ಎರಡನೆಯ ಶುಕ್ರವಾರ ನನ್ನನ್ನು ಕುಂಕುಮಕ್ಕೆ ಕರೆದಿದ್ದ ಹಿಂದಿನ ಓಣಿಯ ಕಾಕು ತಾವಾಗಿಯೇ ಹೇಳಿದರು, "ಈ ಸಲ ನನಗ ಎರಡು. ಹೋದ ವರ್ಷ ಮಾತು ಕೊಟ್ಟೀನಿ." ಚೂಡಾ ಕೊಟ್ಟವರು, ಜವಳಿ ಅಂಗಡಿಯವರು, ತಾರ್ನಾಕದ ಅಜ್ಜಿ, ಒಬ್ಬೊಬ್ಬರಾಗಿ ಹೇಳಿ ಕಳಿಸಿದರು. ಅಜ್ಜಿಗೆ ಹಸಿರು ನವಿಲೇ ಬೇಕು. ಒಟ್ಟು ಹದಿಮೂರು ಆದವು. ನಾನು ಯಾರ ಬಾಗಿಲಿಗೂ ಹೋಗಿ ಕೇಳಿರಲಿಲ್ಲ.

ಅಣ್ಣ ಎರಡನೆಯ ಪಾಳಿ ಮುಗಿಸಿ ಬಂದು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಹೇಳಿದೆ. ಅವನ ಕೈಗೆ ಆಗ ಸಾಬೂನಿಗೆ ಹೋಗದ ಒಂದು ಕಹಿ ವಾಸನೆ ಹತ್ತಿಕೊಂಡಿತ್ತು. ರೊಟ್ಟಿ ತಿನ್ನುವಾಗ ಅವನಿಗೇ ಬರುತ್ತದಂತೆ.

"ಏನು ಬರೀಬೇಕಂತ?"

"ಎಲ್ಲಾರಿಗೂ ನವಿಲು. ಒಬ್ಬರಿಗೆ ಕಮಲ ಆದ್ರೂ ನಡೀತೈತಿ ಅಂದಾರ."

"ಆತು," ಅಂದ.

ದಸರೆ ಕಳೆದ ಎರಡು ರವಿವಾರಗಳಲ್ಲಿ ಹದಿಮೂರೂ ಮುಗಿಸಿದ. ನವಿಲುಗಳು ಅಚ್ಚು ಒತ್ತಿದ ಹಾಗೆ ಒಂದರಂತೆ ಒಂದು ಇದ್ದವು. ತಪ್ಪು ಒಂದೂ ಇರಲಿಲ್ಲ. ನಾನು ಮನೆಮನೆಗೆ ಕೊಟ್ಟು ಬಂದೆ, ಮಧ್ಯಾಹ್ನದೊಳಗೆ ಕೈ ಖಾಲಿಯಾಯಿತು. ಎಲ್ಲರೂ ಮೆಚ್ಚಿದರು. "ಇವು ನೋಡು ಆಕಾಶಬುಟ್ಟಿ ಅಂದ್ರ," ಅಂದರು ಕಾಕು. ಹೋದ ವರ್ಷದವುಗಳ ಮಾತು ಯಾರೂ ಎತ್ತಲಿಲ್ಲ.

ನಮ್ಮ ಮನೆಗೂ ಆ ಸಲ ಒಂದು ಬೇಕಿತ್ತು. "ನಮಗ ನಿನ್ನ ಮನಸಿಗೆ ಬಂದದ್ದು ಬರಿ," ಅಂತ ನಾನು ಮೊದಲೇ ಹೇಳಿಟ್ಟಿದ್ದೆ. ಬಂಡೆ ಬರೆಯುತ್ತಾನೆ, ಕಿಟಕಿ ಬಿಡುತ್ತಾನೆ ಅಂದುಕೊಂಡಿದ್ದೆ. ತ್ರಯೋದಶಿಯ ಸಂಜೆ ಅವನು ಬುಟ್ಟಿ ತಂದು ಬಾಗಿಲಿಗೆ ಕಟ್ಟಿ ಬಲ್ಬು ಹಾಕಿದ. ಎಂಟೂ ಮುಖ ಬರೀ ಬಿಳಿ ಕಾಗದ.

ಅಪ್ಪ ಹೊರಗೆ ಬಂದು ಕನ್ನಡಕ ಏರಿಸಿ ಸುತ್ತಲೂ ನೋಡಿದರು. ಈಚೆಗೆ ಅಣ್ಣನ ಜೊತೆ ಮಾತಾಡುವಾಗ ಅವರ ದನಿ ಸಣ್ಣದಾಗಿರುತ್ತಿತ್ತು.

"ಏನೂ ಬರದಿಲ್ಲಲ್ಲೋ?"

"ವ್ಯಾಳ್ಯಾ ಸಿಗಲಿಲ್ರಿ," ಅಂದ ಅಣ್ಣ. ಸ್ಟೂಲಿನಿಂದ ಇಳಿದು, ರಾತ್ರಿ ಪಾಳಿಗೆ ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿದ.